‘ಎರಡೂ ಒಂದೇ ವಿಮಾನ’ ಎಂದವರಿಗೆ

ವಿಮಾನ ಸುರಕ್ಷತೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕೂದಲು ಕಟ್ಟುವ ರಬ್ಬರ್ ಬ್ಯಾಂಡಿನಿಂದ ವಾಯುದಳಕ್ಕೆ ಒದಗಲಿದ್ದ ಮಹಾ ಗಂಡಾಂತರವನ್ನು ತಪ್ಪಿಸಿದ್ದಕ್ಕಾಗಿ ಮೊದಲು ತಮಗೆ ಅಭಿನಂದನೆ. ತಾವು ಆ ರಬ್ಬರುಗಳನ್ನು ಕಿತ್ತು ಹಾಕಿಸಿದ ಸ್ವಲ್ಪ ದಿನಕ್ಕೇ ಒಂದು ವಿಮಾನ ರನ್‌ವೇ ದಾಟಿ ಬಿತ್ತು, ನನ್ನ ಮಗಳಿಗೆ ಹಾರಲು ಕಲಿಸಿದ ಮೇಷ್ಟ್ರು ತೀರಿಕೊಂಡರು. ಈಗ ಅಂಥದೇ ವಿಮಾನದ ಅದೇ ಸೀಟಿನಲ್ಲಿ ನನ್ನ ಮಗಳನ್ನು ಕೂರಿಸಿದ್ದೀರಿ. ಅವಳು ಸಾಯುತ್ತಾಳೆ ಎಂಬ ಭಯ ನನಗೆ ಹತ್ತಿದೆ. ಇದನ್ನು ಸುತ್ತಿ ಬಳಸಿ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ತಮಗೆ ಗೊತ್ತಿರುವುದನ್ನೇ ಈ ಪತ್ರಿಕೆಯ ಓದುಗರಿಗಾಗಿ ಹೇಳುತ್ತೇನೆ, ಬೇಸರಿಸಬೇಡಿ. ನಮ್ಮ ದಳದಲ್ಲಿ ಎರಡು ಎಂಜಿನ್ನಿನ ಒಂದು ಸಣ್ಣ ವಿಮಾನವಿದೆ. ಅದರಲ್ಲೇ ಎರಡು ಬಗೆ: ಹೊಸಬರಿಗೆ ಕಲಿಸಲು ಒಂದು ಬಗೆ, ಸಾಮಾನು ಮತ್ತು ಗಾಯಾಳುಗಳನ್ನು ಸಾಗಿಸಲು ಇನ್ನೊಂದು ಬಗೆ. ಹೊರಗಿನಿಂದ ನೋಡಿದರೆ ಅದೇ ಮೂಗು, ಅದೇ ಬಾಲ, ಅದೇ ಬೂದು ಬಣ್ಣ. ಹುಡುಗರು ಮೊದಲನೆಯದನ್ನು ‘ಅಕ್ಕ’ ಎಂದೂ ಎರಡನೆಯದನ್ನು ‘ತಂಗಿ’ ಎಂದೂ ಕರೆಯುತ್ತಾರೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಒಂದೇ ಬುದ್ಧಿ ಇರಬೇಕೆಂದಿಲ್ಲವಲ್ಲ. ಅಕ್ಕನನ್ನು ಕೊಂಡು ಎಷ್ಟೋ ವರ್ಷಗಳಾದ ಮೇಲೆ ತಂಗಿಯನ್ನು ಕೊಂಡಿರಿ. ಅಷ್ಟರಲ್ಲಿ ತಯಾರಕರು ಒಳಗಿನ ಎರಡು ಲಿವರ್‌ಗಳನ್ನು ಅದಲು ಬದಲು ಮಾಡಿದ್ದರು. ಅಕ್ಕನಲ್ಲಿ ಚಕ್ರ ಮೇಲೆತ್ತುವ ಲಿವರ್ ಎಡಕ್ಕೆ, ಫ್ಲ್ಯಾಪಿನದು, ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಹಲಗೆಯದು, ಬಲಕ್ಕೆ. ತಂಗಿಯಲ್ಲಿ ಇದು ತಿರುಗುಮುರುಗು. ಹಿಡಿಗಳ ಆಕಾರದಲ್ಲಿ ಮಾತ್ರ ಏನೂ ವ್ಯತ್ಯಾಸವಿಲ್ಲ.

ವಿಮಾನ ನೆಲ ಬಿಟ್ಟ ಕೂಡಲೇ ಚಕ್ರಗಳನ್ನು ಒಳಗೆಳೆದುಕೊಳ್ಳಬೇಕು. ಆ ಹೊತ್ತಿಗೆ ಫ್ಲ್ಯಾಪ್ ಕೆಳಗೇ ಇರಬೇಕು, ಯಾಕೆಂದರೆ ನಿಧಾನವಾಗಿ ಏರುವ ಭಾರದ ವಿಮಾನವನ್ನು ಹೊತ್ತಿರುವುದೇ ಅದು. ಚಕ್ರದ್ದೆಂದು ತಿಳಿದು ಫ್ಲ್ಯಾಪಿನ ಲಿವರ್ ಎಳೆದರೆ ವಿಮಾನ ಅಲ್ಲಿಂದಲ್ಲೇ ಕುಸಿಯುತ್ತದೆ. ತಿದ್ದಿಕೊಳ್ಳಲು ಕೆಳಗೆ ಜಾಗವಿರುವುದಿಲ್ಲ. ಹೀಗಿದ್ದೂ ತಮ್ಮ ಇಲಾಖೆಯ ಪ್ರಕಾರ ಇವೆರಡೂ ಒಂದೇ ವಿಮಾನ. ಒಂದನ್ನು ಹಾರಿಸಬಲ್ಲವರು ಇನ್ನೊಂದನ್ನೂ ಹಾರಿಸಬಹುದು. ಆದ್ದರಿಂದ ನನ್ನ ಮಗಳು ಬೆಳಿಗ್ಗೆ ಅಕ್ಕನಲ್ಲಿ ಪಾಠ ಹೇಳುತ್ತಾಳೆ, ಊಟ ಮಾಡಿ ಬಂದು ತಂಗಿಯಲ್ಲಿ ಗಾಯಾಳುಗಳನ್ನು ಹೊತ್ತು ಹಾರುತ್ತಾಳೆ.

ನಾನು ಡ್ರೈವಿಂಗ್ ಸ್ಕೂಲ್ ನಡೆಸುವವಳು. ನನ್ನ ಹತ್ತಿರ ಎರಡು ಹಳೆಯ ಕಾರುಗಳಿವೆ, ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ. ಒಂದು ಕಾರಿನಲ್ಲಿ ಬ್ರೇಕನ್ನೂ ಆಕ್ಸಿಲರೇಟರನ್ನೂ ಅದಲು ಬದಲು ಮಾಡಿ, ‘ಎರಡೂ ಒಂದೇ ಕಾರು, ಜಾಗರೂಕತೆಯಿಂದ ಓಡಿಸತಕ್ಕದ್ದು’ ಎಂದು ಬೋರ್ಡ್ ತಗುಲಿಸಿದರೆ ಏನಾದೀತು ಹೇಳಿ? ಸಂಜೆಯೊಳಗೆ ಸಾರಿಗೆ ಇಲಾಖೆಯವರು ಬಂದು ನನ್ನ ಅಂಗಡಿಗೆ ಬೀಗ ಜಡಿಯುತ್ತಾರೆ, ಜಡಿಯಲೇಬೇಕು. ತಮ್ಮ ಅಂಗಡಿಗೆ ಬೀಗ ಹಾಕುವವರು ಯಾರು ಸ್ವಾಮಿ?

ಇನ್ನು ರಬ್ಬರಿನ ವಿಷಯ. ಅದನ್ನು ಶುರು ಮಾಡಿದವಳು ನನ್ನ ಮಗಳೇ. ತಂಗಿಯಲ್ಲಿ ಕೂತ ಕೂಡಲೇ ಜಡೆಯಿಂದ ರಬ್ಬರ್ ಬಿಚ್ಚಿ ಚಕ್ರದ ಲಿವರಿಗೆ ಸುತ್ತುತ್ತಿದ್ದಳು. ಬಟ್ಟೆ ಸುತ್ತಿದ ಉಬ್ಬು ರಬ್ಬರು ಅದು. ಕಣ್ಣು ಮುಂದಿದ್ದರೂ ಬೆರಳಿಗೆ ಗೊತ್ತಾಗುತ್ತದೆ: ಮೆತ್ತಗಿದ್ದರೆ ಎಳೆ, ನುಣ್ಣಗಿದ್ದರೆ ಬಿಡು. ಇದನ್ನು ಮೊದಲು ನೋಡಿದವರು ಮೇಷ್ಟ್ರು. ಬೈಯುತ್ತಾರೇನೋ ಎಂದು ಇವಳು ಹೆದರಿದ್ದರೆ ಅವರು ಕೈ ಚಾಚಿ, “ನಂಗೂ ಒಂದು ಕೊಡಮ್ಮ” ಎಂದರಂತೆ. ಮೇಷ್ಟ್ರ ತಲೆ ಅಪ್ಪಟ ಬೋಳು. “ನಿಮಗ್ಯಾಕೆ ಸಾರ್?” ಎಂದು ಇವಳು ನಕ್ಕಾಗ, “ದೇವರು ತಲೆ ಮೇಲಂತೂ ಕೊಡ್ಲಿಲ್ಲ, ಲಿವರ್ ಮೇಲಾದ್ರೂ ಇರ್ಲಿ” ಎಂದರಂತೆ. ಆಮೇಲೆ ಗೇಟಿನಾಚೆಯ ಫ್ಯಾನ್ಸಿ ಸ್ಟೋರಿಗೆ ಮೀಸೆ ಹೊತ್ತ ಗಂಡಸರು ಒಬ್ಬೊಬ್ಬರೇ ಹೋಗತೊಡಗಿದರು. “ಏನ್ ಸಾರ್, ಕ್ಯಾಂಪಲ್ಲಿ ಎಲ್ರೂ ಜಡೆ ಬಿಡ್ತಿದ್ದೀರಾ?” ಎಂದು ಅಂಗಡಿಯವನು ಕೇಳಿದ್ದನ್ನು ಹೇಳಿ ಮಗಳು ಫೋನಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಆ ನಗು ಮತ್ತೆ ಕೇಳಿಲ್ಲ.

ತಪಾಸಣೆಗೆ ಬಂದ ತಮ್ಮವರ ಕಣ್ಣಿಗೆ ಬಿದ್ದದ್ದು ಅದಲು ಬದಲಾದ ಲಿವರ್ ಅಲ್ಲ, ಅದರ ಮೇಲಿನ ರಬ್ಬರು. ‘ಅನಧಿಕೃತ ಪರಿಕರ’ ಎಂದು ಹೆಸರಿಟ್ಟರು. ಪ್ಲಾಸ್ಟಿಕ್ ಚೀಲ ಹಿಡಿದು ವಿಮಾನದಿಂದ ವಿಮಾನಕ್ಕೆ ಹೋಗಿ ಎಲ್ಲವನ್ನೂ ಕಿತ್ತು ತುಂಬಿಕೊಂಡರು. ಇನ್ನು ಮುಂದೆ ಸುತ್ತಿದವರ ಮೇಲೆ ಶಿಸ್ತುಕ್ರಮ ಎಂದು ಎಚ್ಚರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೆ. ಇಲ್ಲಿ ಜ್ವರಕ್ಕೆ ಹಾಕಿದ್ದ ಒದ್ದೆ ಬಟ್ಟೆಯನ್ನೇ ಕಿತ್ತೆಸೆದಿರಿ.

ಮೇಷ್ಟ್ರು ಅವತ್ತು ಬೆಳಿಗ್ಗೆಯೆಲ್ಲ ಅಕ್ಕನಲ್ಲಿ ಪಾಠ ಮಾಡಿದ್ದರು. ಮಧ್ಯಾಹ್ನ ಔಷಧಿ ಪೆಟ್ಟಿಗೆಗಳನ್ನು ತುಂಬಿದ ತಂಗಿಯನ್ನು ಎಬ್ಬಿಸಿದರು. ಬೇಲಿ ದಾಟುವ ಮೊದಲೇ ವಿಮಾನ ಕೂತುಬಿಟ್ಟಿತು. ಫ್ಲ್ಯಾಪ್ ಮೇಲಿತ್ತು, ಚಕ್ರ ಕೆಳಗಿತ್ತು. ವಿಚಾರಣೆ ನಡೆಸಿದ ತಾವು ‘ಚಾಲಕನ ಅಜಾಗರೂಕತೆ’ ಎಂದು ತೀರ್ಮಾನಿಸಿದಿರಿ. ಮಾತಾಡಿಸಲು ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದರು: “ಗ್ಯಾಸ್ ಆರ್ಸಿದೀನಾ ಅಂತ ಗೇಟಿಂದ ವಾಪಸ್ ಬಂದು ನೋಡೋ ಮನುಷ್ಯ ರೀ ಅವರು. ಅವರಿಗೆ ಅಜಾಗರೂಕ ಅಂದ್ರಲ್ಲ.” ತಮ್ಮ ಹತ್ತಿರ ಉತ್ತರವಿದ್ದರೆ ಅವರಿಗೇ ಹೇಳಿ.

ಕಳೆದ ವಾರ ಮಗಳು ರಜೆಗೆ ಬಂದಿದ್ದಳು. ಊಟಕ್ಕೆ ಕರೆದರೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಶೆಡ್ಡಿನಲ್ಲಿ, ನಿಂತಿದ್ದ ಕಾರಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಬಲಗೈ ಗಾಳಿಯಲ್ಲಿ ಆ ಕಡೆ ಈ ಕಡೆ ಹೋಗುತ್ತಿತ್ತು. “ಅಕ್ಕ, ಎಡ. ತಂಗಿ, ಬಲ. ಅಕ್ಕ, ಎಡ…” ಮಗ್ಗಿ ಒಪ್ಪಿಸುವ ಮಗುವಿನ ದನಿ. ನಾನು ಪಕ್ಕದ ಸೀಟಿನಲ್ಲಿ ಕೂತೆ. ಕಣ್ಣು ಮುಚ್ಚಿಕೊಂಡೇ ಹೇಳಿದಳು. ಮೇಷ್ಟ್ರು ಹೋದ ಮೇಲೆ, ಸ್ಟ್ರೆಚರಿನ ಮೇಲೆ ಒಬ್ಬ ಗಾಯಾಳುವನ್ನು ಮಲಗಿಸಿಕೊಂಡು ಏರುವಾಗ, ಇವಳ ಕೈಯೂ ತಪ್ಪು ಲಿವರಿಗೆ ಹೋಗಿತ್ತು. ಪಕ್ಕದಲ್ಲಿದ್ದ ಮೆಕ್ಯಾನಿಕ್ ಅವಳ ಕೈಗೆ ಫಟ್ಟನೆ ಹೊಡೆದದ್ದರಿಂದ ಉಳಿದರು.

“ಮರೆತುಬಿಟ್ಯಾ ಪುಟ್ಟಿ?” ಎಂದೆ.

“ಇಲ್ಲಮ್ಮ. ಮೇಷ್ಟ್ರ ಬಗ್ಗೆನೇ ಯೋಚನೆ ಮಾಡ್ತಿದ್ದೆ. ತಲೆಗೆ ಎಲ್ಲ ಗೊತ್ತಿತ್ತು. ಕೈ ಮಾತ್ರ ಬೆಳಿಗ್ಗೆ ಮಾಡಿದ್ದನ್ನೇ ಮಾಡ್ತು.”

“ಮೇಲಿನವರಿಗೆ ಹೇಳು.”

“ಹೇಳಿದ್ರೆ ‘ಈ ಹುಡುಗಿ ಕೈಲಾಗಲ್ಲ’ ಅಂತ ಕೆಳಗಿಳಿಸ್ತಾರೆ, ಲಿವರ್ ಹಾಗೇ ಇರುತ್ತೆ. ನೀನೂ ಯಾರಿಗೂ ಹೇಳ್ಬೇಡ. ನನ್ನ ಮೇಲಾಣೆ.”

ಆಣೆ ಇಟ್ಟು ಹೋದಳು. ನಾನು ಸುಮ್ಮನಿರಲು ನೋಡಿದೆ. ಕಾರು ಕಲಿಯಲು ಬಂದವರಿಗೆ ‘ಎಡಕ್ಕೆ’ ಎನ್ನುವಾಗಲೆಲ್ಲ ನನ್ನ ಕಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಕೊನೆಗೆ ತಮ್ಮ ಕಚೇರಿಗೇ ಬಂದೆ, ಮಗಳ ಹೆಸರು ಹೇಳದೆ. ತಾವು ಸಿಗಲಿಲ್ಲ, ತಮ್ಮ ಕೈಕೆಳಗಿನ ಒಬ್ಬರು ಸಿಕ್ಕರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆಮೇಲೆ ಹೇಳಿದರು: “ನೋಡಿ ಅಮ್ಮ, ಕುಣಿಯಲಾರದವರಿಗೆ ನೆಲ ಡೊಂಕು. ಎರಡೂ ಒಂದೇ ವಿಮಾನ, ಫೈಲಲ್ಲೇ ಇದೆ.”

“ಹಾಗಾದ್ರೆ ಫೈಲನ್ನೇ ಹಾರಿಸಿ ಸಾರ್” ಎಂದು ಎದ್ದು ಬಂದೆ. ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತೆ. ಕಾವಲಿನವನು ಇಲ್ಲಿ ಕೂರಬಾರದು ಎಂದ.

ಮಾನ್ಯರೇ, ಗಾದೆ ನನಗೂ ಬರುತ್ತದೆ. ಆದರೆ ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಡೊಂಕು ನೆಲದಲ್ಲಿ ಚೆನ್ನಾಗಿ ಕುಣಿಯುತ್ತಿದ್ದ ಮೇಷ್ಟ್ರನ್ನು ಮಣ್ಣು ಮಾಡಿಯಾಯಿತು. ಇನ್ನೆಷ್ಟು ಜನ ಬಿದ್ದರೆ ತಾವು ಬಗ್ಗಿ ನೆಲ ನೋಡುತ್ತೀರಿ?

ನಾನು ಕೇಳುವುದು ದೊಡ್ಡದೇನಲ್ಲ. ಎಲ್ಲ ವಿಮಾನಗಳಲ್ಲೂ ಆ ಎರಡು ಲಿವರ್‌ಗಳನ್ನು ಒಂದೇ ಕ್ರಮಕ್ಕೆ ತನ್ನಿ. ಅದಕ್ಕೆ ಕಾಲ ಹಿಡಿಯುತ್ತದೆ ಎನ್ನುವುದಾದರೆ, ಅಲ್ಲಿಯವರೆಗೆ ಅಕ್ಕನನ್ನು ಹಾರಿಸುವವರು ಅಕ್ಕನನ್ನೇ ಹಾರಿಸಲಿ, ತಂಗಿಯನ್ನು ಹಾರಿಸುವವರು ತಂಗಿಯನ್ನೇ. ಅದನ್ನು ಇವತ್ತೇ ಮಾಡಬಹುದು, ತಮ್ಮ ಒಂದು ಮಾತು ಸಾಕು. ಮೇಷ್ಟ್ರ ಹೆಸರಿಗೆ ಅಂಟಿಸಿದ ಆ ‘ಅಜಾಗರೂಕತೆ’ಯನ್ನೂ ತೆಗೆಯಿರಿ.

ಈ ಪತ್ರ ಅಚ್ಚಾದ ಮೇಲೆ ಏನಾಗುತ್ತದೆಂದು ಊಹಿಸಬಲ್ಲೆ. ಡ್ರೈವಿಂಗ್ ಸ್ಕೂಲ್ ನಡೆಸುವ ಹೆಂಗಸಿನ ಮಗಳು ಯಾರೆಂದು ಪತ್ತೆ ಹಚ್ಚಲು ತಮಗೆ ಬಹಳ ಹೊತ್ತು ಬೇಡ. ಅವಳನ್ನು ಕರೆಸುತ್ತೀರಿ, ಹಾರಾಟದಿಂದ ಇಳಿಸುತ್ತೀರಿ. ಚಿಕ್ಕಂದಿನಿಂದ ಹಾರುವುದನ್ನು ಬಿಟ್ಟು ಬೇರೇನನ್ನೂ ಬೇಡದ ನನ್ನ ಪುಟ್ಟಿ ನನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಗೊತ್ತಿದ್ದೂ ಬರೆದಿದ್ದೇನೆ. ಬದುಕಿದ್ದು ನನ್ನ ಮುಖ ನೋಡದೆ ಇರಲಿ, ಸಾಕು ಎಂದುಕೊಂಡಿದ್ದೆ.

ಆದರೆ ಬರೆಯುತ್ತಾ ಬಂದ ಹಾಗೆ ಅಷ್ಟೇ ಸಾಲದೆನಿಸಿದೆ. ಅವಳನ್ನು ಇಳಿಸಿದ ಮಾತ್ರಕ್ಕೆ ಆ ಸೀಟು ಖಾಲಿ ಬಿಡುವುದಿಲ್ಲ ತಾವು. ಮಧ್ಯಾಹ್ನದ ಊಟ ಮುಗಿಸಿ ಬಂದ ಇನ್ಯಾರದೋ ಮಗ ಅಲ್ಲಿ ಕೂರುತ್ತಾನೆ. ಅವನ ತಾಯಿ ಈ ಹೊತ್ತಿಗೆ ನೆಮ್ಮದಿಯಾಗಿ ಬಟ್ಟೆ ಮಡಿಸುತ್ತಿರಬಹುದು, ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ಅವಳಿಗೂ ಸೇರಿಸಿ ಕೇಳುತ್ತಿದ್ದೇನೆ, ಲಿವರ್ ಸರಿಮಾಡಿ.

ಇಂತಿ,
ಆಣೆ ಮುರಿದ ಒಬ್ಬ ತಾಯಿ