ಒಂದು ಗೋಲಿ ಹೆಚ್ಚು

ನವೆಂಬರ್ 13, ಬುಧವಾರ

ನಾಲ್ಕನೇ ಕ್ಲಾಸಿಗೆ ಮತ್ತೆ ಭಾಗಾಕಾರ. ಅರ್ಧ ಮಕ್ಕಳು ನಿದ್ದೆ. ಸೀಮೆಸುಣ್ಣ ಮುಗಿದಿದೆ, ರಾಜಧಾನಿ ಬಂಜುಲ್‌ನಿಂದ ಬರಬೇಕಂತೆ. ಬಂದದ್ದು ಸೀಮೆಸುಣ್ಣ ಅಲ್ಲ, ಲಕೋಟೆ. ಅಧ್ಯಕ್ಷರ ಚುನಾವಣೆಗೆ ನಮ್ಮ ಶಾಲೆಯ ಮತಗಟ್ಟೆ ಅಧಿಕಾರಿ — ಶ್ರೀಮತಿ ತಿದಾ ಮಂಜಂಗ್. ಟೈಪ್ ಆದ ನನ್ನ ಹೆಸರನ್ನು ಎರಡು ಸಲ ಓದಿದೆ.

ಹೋದ ಸಲ ಪಕ್ಕದೂರಲ್ಲಿ ಈ ಕೆಲಸ ಮಾಡಿದವರು ತುರೆ ಮೇಷ್ಟ್ರು. ಯಾವುದೋ ಕಾಗದಕ್ಕೆ ಸಹಿ ಹಾಕಲ್ಲ ಅಂದರಂತೆ. ಮೂರನೇ ದಿನ ಯಾರೋ ಬಂದು ಕರೆದುಕೊಂಡು ಹೋದರು. ಐದು ವರ್ಷ ಆಯಿತು. ಸತ್ತರೆಂದು ಯಾರೂ ಹೇಳಿಲ್ಲ. ಹಾಗಾಗಿ ಅವರ ಹೆಂಡತಿ ವಿಧವೆಯೂ ಅಲ್ಲ.

ಬೇಡ ಅನ್ನಬಹುದಾ ಅಂತ ಹೆಡ್‌ಮಾಸ್ಟರನ್ನು ಕೇಳಿದೆ.

"ಬೇಡ ಅಂತ ಬರೆದುಕೊಡಿ ಟೀಚರ್. ಯಾಕೆ ಬೇಡ ಅಂತಾನೂ ಬರೀಬೇಕಾಗುತ್ತೆ, ಅಷ್ಟೇ."

ಬರೆದುಕೊಡಲಿಲ್ಲ.

ನವೆಂಬರ್ 20, ಬುಧವಾರ

ಜಿಲ್ಲಾ ಪಟ್ಟಣದಲ್ಲಿ ತರಬೇತಿ. ಗೊತ್ತಿರುವುದನ್ನೇ ಮತ್ತೆ ಹೇಳಿದರು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಡ್ರಮ್ಮು. ಒಬ್ಬೊಬ್ಬ ಮತದಾರನಿಗೆ ಒಂದೇ ಗೋಲಿ. ಇಷ್ಟವಾದ ಡ್ರಮ್ಮಿನ ಕೊಳವೆಗೆ ಹಾಕಬೇಕು, ಒಳಗೆ ಬೆಲ್ಲು 'ಠಣ್' ಅನ್ನಬೇಕು. ಎರಡು ಸಲ ಅಂದರೆ ಯಾರೋ ಕಳ್ಳಾಟ ಆಡಿದ್ದಾರೆ. ಮತಗಟ್ಟೆ ಹತ್ತಿರ ಸೈಕಲ್ ಬರಕೂಡದು, ಅದರ ಬೆಲ್ಲಿಗೂ ಇದಕ್ಕೂ ವ್ಯತ್ಯಾಸ ತಿಳಿಯಲ್ಲ.

ನೇರಳೆ ಡ್ರಮ್ಮು ದೊಡ್ಡವರದು, ಈಗಿನ ಅಧ್ಯಕ್ಷರದು. ಇಪ್ಪತ್ತೆರಡು ವರ್ಷದಿಂದ ನೇರಳೆಯೇ. ಎದುರಿಗೆ ಈ ಸಲ ಕಿತ್ತಳೆ ಒಂದೇ.

ಊಟಕ್ಕೆ ಅನ್ನ, ಕಡಲೆಕಾಯಿ ಸಾರು. ಬೇರೆ ಬೇರೆ ಊರಿನ ಮೇಷ್ಟ್ರುಗಳು ಒಂದೇ ಬಟ್ಟಲಿನ ಸುತ್ತ ಕೂತಿದ್ದೆವು. ಮೇಷ್ಟ್ರುಗಳು ಸೇರಿದ ಕಡೆ ಇಂಥ ಮೌನ ನಾನು ಕಂಡಿಲ್ಲ.

ನವೆಂಬರ್ 27

ಬಿಡುವಿನ ವೇಳೆಗೆ ಒಬ್ಬರು ಬಂದರು. ಹೆಸರು ಹೇಳಲಿಲ್ಲ. ವಿಪರೀತ ನೆಗಡಿ. ಮೂಗೊರೆಸುತ್ತ ಬಿಸಿನೀರು ಕೇಳಿದರು, ಕೊಟ್ಟೆ. ತುಂಬ ಮರ್ಯಾದೆಯ ಮಾತು.

"ನಿಮ್ಮ ಯಜಮಾನರು ಕೆಮೊ ಅಲ್ವಾ ಅಮ್ಮ? ಸರ್ಕಾರಿ ಫೆರಿಯಲ್ಲಿ. ಒಳ್ಳೇ ಕೆಲಸಗಾರ ಅಂತ ಕೇಳಿದೀನಿ."

ನಾನು ಹೂಂ ಅಂದೆ.

"ನಿಮ್ಮ ಪಟ್ಟಿಯಲ್ಲಿ ನಾನೂರ ಎಂಬತ್ತು ಜನ. ಮೂರರಲ್ಲಿ ಒಂದು ಪಾಲು ಜನ ಸ್ಪೇನ್‌ನಲ್ಲೋ ಇಟಲಿಯಲ್ಲೋ. ಓಟಿನ ದಿನ ಬರೋಕಾಗುತ್ತಾ ಪಾಪ? ಬಾರದೇ ಇದ್ದೋರೂ ಈ ದೇಶದ ಮಕ್ಕಳೇ ತಾನೇ. ಅವರ ಪರವಾಗಿ ನೀವು..."

ಮೇಜಿನ ಮೇಲೆ ಬಟ್ಟೆ ಚೀಲ ಇಟ್ಟರು. ನೂರೈವತ್ತು ಗೋಲಿ. ಮತದಾನ ಮುಗಿದ ಮೇಲೆ ಎರಡೂ ಪಕ್ಷದ ಏಜೆಂಟರು ನಮಾಜಿಗೋ ಯಾವುದಕ್ಕೋ ಹೊರಗೆ ಹೋಗುತ್ತಾರಂತೆ, ಅದರ ಏರ್ಪಾಡು ಆಗಿದೆ. ಆಗ ಪೋಲೀಸಿನವರು ಜೀಪು ಸ್ಟಾರ್ಟ್ ಮಾಡಿ ಇಂಜಿನ್ ಓಡಿಸುತ್ತಲೇ ಇರುತ್ತಾರೆ. ಬೆಲ್ಲು ಯಾರಿಗೂ ಕೇಳಲ್ಲ. ಅಷ್ಟು ಹೊತ್ತಿನಲ್ಲಿ ನೇರಳೆಗೆ ಹಾಕಿ, ಪಟ್ಟಿಯಲ್ಲಿ ಟಿಕ್ ಮಾಡಿಬಿಡುವುದು.

"ಬಿಸಿನೀರಿಗೆ ಥ್ಯಾಂಕ್ಸ್ ಅಮ್ಮ."

ಮಧ್ಯಾಹ್ನದ ಪಾಠ ಏನು ಮಾಡಿದೆನೋ ನೆನಪಿಲ್ಲ.

ನವೆಂಬರ್ 28

ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟಿದ್ದೆ. ಅತ್ತೆಯ ಕಣ್ಣಿಗೆ ಬೀಳದ್ದು ಈ ಮನೆಯಲ್ಲಿ ಏನಿದೆ!

"ಏನೇ ತಿದಾ, ಈ ವಯಸ್ಸಲ್ಲಿ ಗೋಲಿ ಆಟ?"

ಹೇಳಿಬಿಟ್ಟೆ. ಎಲ್ಲ. ಮುದುಕಿ ಚೀಲವನ್ನು ಅಂಗೈಯಲ್ಲಿ ತೂಗಿ ನೋಡಿದರು.

"ಭಾರ ಇದೆ ಕಣೇ. ನಡಿ, ಹೊಳೆಗೆ ಹಾಕಿ ಬರೋಣ."

"ವಾಪಸ್ ಕೇಳಿದ್ರೆ ಅತ್ತೆ?"

ಮುದುಕಿ ಚೀಲದ ಬಾಯಿ ಬಿಗಿದು ಕಟ್ಟಿದರು. ಚೀಲ ಮತ್ತೆ ಮೂಟೆಯ ಹಿಂದೆ.

ಡಿಸೆಂಬರ್ 3

ಚೀಲದ ವಿಷಯ ಹೇಳಿದ ಮೇಲೆ ಕೆಮೊ ಎರಡು ದಿನ ಮಾತು ಬಿಟ್ಟಿದ್ದ. ಇವತ್ತು ಬೆಳಿಗ್ಗೆ ಗಂಜಿ ಕುಡಿಯುತ್ತ ಬಾಯಿಬಿಟ್ಟ.

"ಹಾಕಿಬಿಡು. ನಮ್ಮದೊಂದು ಊರು ಸತ್ಯ ಹೇಳಿದ್ರೆ ಬಂಜುಲ್ ತಲೆಕೆಳಗಾಗುತ್ತಾ? ಹೆಂಗೂ ಗೆಲ್ಲೋದು ಅವರೇ."

"ಹೆಂಗೂ ಗೆಲ್ಲೋರಿಗೆ ನನ್ನ ಕೈ ಯಾಕೆ ಬೇಕು?"

"ನಿನ್ನ ಕೈ ಕೊಳೆ ಆಗ್ಬೇಕು. ಅದಕ್ಕೇ ಬೇಕು." ಬಟ್ಟಲು ಕೆಳಗಿಟ್ಟ. ಕಣ್ಣು ಒದ್ದೆ. "ತುರೆ ಮೇಷ್ಟ್ರನ್ನ ಆ ದಿನ ನದಿ ದಾಟಿಸಿದ್ದು ನಮ್ಮ ಫೆರಿನೇ ಕಣೇ. ನಾನೇ ಹಗ್ಗ ಬಿಚ್ಚಿದ್ದು. ನನ್ನ ಕಡೆ ನೋಡಿ ನಕ್ಕರು."

ಐದು ವರ್ಷ ಹೇಳಿರಲಿಲ್ಲ ನನಗೆ.

ಹಾಕುವುದು ಅಂತ ತೀರ್ಮಾನ ಮಾಡಿದೆ.

ಡಿಸೆಂಬರ್ 7, ಶನಿವಾರ. ರಾತ್ರಿ ಎಂಟು

ಇವತ್ತೇ ಬರೆಯಬೇಕು.

ಬೆಳಿಗ್ಗೆ ಎಂಟರಿಂದ ಸಂಜೆ ಐದು. ಠಣ್. ಠಣ್. ಒಟ್ಟು 311 ಜನ. ಊರ ಯಜಮಾನ ದುಂಬುಯಾ ಮೊದಲ ಓಟು ಹಾಕಿ, ಇಡೀ ದಿನ ಕಿಟಕಿ ಕೆಳಗಿನ ಬೆಂಚಿನಲ್ಲಿ ಟೀ ಕುಡಿಯುತ್ತ ಕೂತಿದ್ದರು. ಸರ್ಕಾರ ನೇಮಿಸಿದ ಯಜಮಾನ. ಬಂದವರ ಮುಖವೆಲ್ಲ ನೋಡಿಕೊಳ್ಳುವುದೇ ಅವರ ಕೆಲಸ ಅಂತ ಊರಿಗೇ ಗೊತ್ತು.

ಐದಕ್ಕೆ ಬಾಗಿಲು ಹಾಕಿದೆ. ನೇರಳೆ ಏಜೆಂಟು ನಮಾಜಿಗೆ ಎದ್ದ. ಕಿತ್ತಳೆಯ ಏಜೆಂಟು ಹಾವಾ, ಟೈಲರಿಂಗ್ ಮಾಡುತ್ತಾಳೆ, ಮಗುವಿಗೆ ಹಾಲು ಕುಡಿಸಲು ಹೊರಗೆ ಹೋದಳು. ಜೀಪು ಸ್ಟಾರ್ಟ್ ಆಯಿತು. ಎಲ್ಲ ಅವರು ಹೇಳಿದ ಹಾಗೆಯೇ.

ಊಟದ ಬುಟ್ಟಿಯಿಂದ ಚೀಲ ತೆಗೆದೆ. ಹಿಡಿ ತುಂಬ ಗೋಲಿ. ಒಂದನ್ನು ನೇರಳೆಯ ಕೊಳವೆಗೆ ಬಿಟ್ಟೆ —

ಅದೇ ಕ್ಷಣ ಜೀಪು ಕೆಮ್ಮಿ ಸತ್ತಿತು.

ಠಣ್.

ಅಷ್ಟು ಜೋರಾದ ಶಬ್ದ ನಾನು ಜನ್ಮದಲ್ಲಿ ಕೇಳಿಲ್ಲ. ಹೊರಗೆ ಮಾತೆಲ್ಲ ನಿಂತಿತು. ಕಿಟಕಿಯಲ್ಲಿ ದುಂಬುಯಾರ ಬಿಳಿ ಟೋಪಿ ನಿಧಾನ ತಿರುಗಿತು. ನನ್ನನ್ನು ನೋಡಿದರು. ಕೈಯನ್ನೂ ನೋಡಿದರು. ಮತ್ತೆ ಆಚೆ ತಿರುಗಿಕೊಂಡರು.

ಜೀಪು ಮತ್ತೆ ಸ್ಟಾರ್ಟ್ ಆಯಿತು. ಹತ್ತು ನಿಮಿಷ ಓಡಿತು. ನೂರ ನಲವತ್ತೊಂಬತ್ತನ್ನೂ ಹಾಕಬಹುದಿತ್ತು. ಅಲ್ಲೇ ನಿಂತಿದ್ದೆ. ಬೆವರಿನಲ್ಲಿ ಗೋಲಿಗಳು ಕೈಗೆ ಅಂಟಿದ್ದವು. ಧೈರ್ಯ ಅಲ್ಲ. ಕೈ ಬಿಚ್ಚಲೇ ಇಲ್ಲ, ಅಷ್ಟೇ.

ಏಜೆಂಟರು ವಾಪಸ್ ಬರುವಷ್ಟರಲ್ಲಿ ಹೇಗೋ ಗೋಲಿಗಳನ್ನು ಬುಟ್ಟಿಗೆ ಸೇರಿಸಿದೆ. ಎಣಿಕೆ ಎಲ್ಲರ ಎದುರಿಗೆ. ಕಿತ್ತಳೆ 194. ನೇರಳೆ 118. ಹಾವಾ ಬೆರಳು ಮಡಚಿ ಲೆಕ್ಕ ಮಾಡಿದಳು.

"ಟೀಚರ್, ಮುನ್ನೂರ ಹನ್ನೆರಡು ಆಯ್ತು. ಪಟ್ಟಿಯಲ್ಲಿ ಮುನ್ನೂರ ಹನ್ನೊಂದೇ. ಒಂದು ಹೆಚ್ಚು."

ಪಟ್ಟಿಯ ಹಾಳೆ ಮತ್ತೆ ಮಗುಚಿದೆ. ಆಗ ಹಿಂದಿನಿಂದ ದುಂಬುಯಾ —

"ನಂದು ಕಣಮ್ಮ. ಬೆಳಿಗ್ಗೆ ಒಳಗೆ ಕತ್ತಲಿತ್ತು, ಎರಡು ಗೋಲಿ ಅಂಟ್ಕೊಂಡು ಬಂದಿದ್ವು. ಎರಡೂ ಒಟ್ಟಿಗೇ ಹಾಕ್ಬಿಟ್ಟೆ, ಒಂದೇ ಠಣ್ ಕೇಳಿಸ್ತು. ಮುದುಕನ ಕೈ ನೋಡು, ಹೆಂಗೆ ನಡುಗುತ್ತೆ."

ಕೆಲವರು ನಕ್ಕರು. ಪೋಲೀಸಿನವನು ನಗಲಿಲ್ಲ. ಬರೆದುಕೊಂಡ.

ನಾನು ಫಲಿತಾಂಶದ ಫಾರಂ ತುಂಬಿ ಸಹಿ ಹಾಕಿದೆ. ಸತ್ಯ ಹೇಳಲಿಲ್ಲ.

ಡಿಸೆಂಬರ್ 8

ರೇಡಿಯೋದಲ್ಲಿ ಬಂತು. ದೊಡ್ಡವರೇ ಗೆದ್ದರು, ಭಾರೀ ಅಂತರ. ಬೀದಿಯಲ್ಲಿ ಒಂದು ನಾಯಿಯೂ ಬೊಗಳಲಿಲ್ಲ.

ದುಂಬುಯಾರ ಮನೆಗೆ ಹೋದೆ. ಟೀ ಸುರಿಯುತ್ತಿದ್ದರು, ಎತ್ತರದಿಂದ, ನೊರೆ ಬರುವ ಹಾಗೆ. ಒಂದು ಹನಿ ಚೆಲ್ಲಲಿಲ್ಲ. ಆ ಕೈ ನಡುಗುತ್ತಲೇ ಇರಲಿಲ್ಲ.

"ಯಾಕೆ ಹಾಗೆ ಹೇಳಿದ್ರಿ ಅಜ್ಜ?"

ಎರಡನೇ ಲೋಟ ತುಂಬಿಸಿದರು.

"ಆ ಕಿಟಕಿ ಕೆಳಗೆ ನಾಲ್ಕು ಚುನಾವಣೆ ಕೂತಿದೀನಿ ಮಗಳೇ. ನಾಲ್ಕು ಸಲವೂ ಇಂಜಿನ್ ಓಡಿದೆ, ಅದರ ಸದ್ದಲ್ಲೂ ಬೆಲ್ಲು ನಂಗೆ ಕೇಳಿದೆ. ತುರೆ ಮೇಷ್ಟ್ರ ಊರಲ್ಲಿ ಅವರು ಸಹಿ ಹಾಕಲಿಲ್ಲ ಅಂತ ಮಾರನೇ ದಿನ ಪಟ್ಟಣಕ್ಕೆ ಹೋಗಿ ಹೇಳಿ ಬಂದವನು ಯಾರು ಅಂದ್ಕೊಂಡೆ?" ಲೋಟ ನನ್ನ ಕಡೆ ನೂಕಿದರು. "ಈ ಸಲ ಬೆಲ್ಲು ಒಂದು ಸಲ ಹೊಡೆದು ನಿಂತಿತು. ಮತ್ತೆ ಹೊಡೀಲೇ ಇಲ್ಲ. ಕಾಯ್ತಾ ಕೂತಿದ್ದೆ, ಹೊಡೀಲಿಲ್ಲ."

ಲೋಟ ಮುಟ್ಟಲಾಗಲಿಲ್ಲ. ಅವರ ಕೈಗಳನ್ನೇ ನೋಡುತ್ತಿದ್ದೆ. ಹೇಸಿಗೆಯೋ ಕೃತಜ್ಞತೆಯೋ... ಗೊತ್ತಾಗಲಿಲ್ಲ. ಕೊನೆಗೆ ಕುಡಿದೆ. ಕಹಿ.

ಡಿಸೆಂಬರ್ 12

ದುಂಬುಯಾರನ್ನು ಕರೆದುಕೊಂಡು ಹೋದರು. ಮಧ್ಯಾಹ್ನ, ಎಲ್ಲರ ಎದುರಿಗೇ. ಎರಡು ಸಲ ಮತ ಹಾಕಿದ ಅಪರಾಧ. ಒಂದು ಗೋಲಿಗೆ ಮೂರು ಜೀಪು ಬರುತ್ತವೆಯೇ? ಊರು ಕಿತ್ತಳೆಗೆ ಹಾಕಿದ್ದಕ್ಕೆ ಯಾರಾದರೂ ಒಬ್ಬರು ಬೇಕಿತ್ತು.

ಜೀಪು ಹತ್ತುವಾಗ ಚಪ್ಪಲಿ ಕಳಚಿತು. ಅವರ ಹೆಂಡತಿ ಓಡಿಹೋಗಿ ಕಾಲಿಗೆ ತೊಡಿಸಿದರು.

ಕೆಮೊ ಫೆರಿಯಲ್ಲೇ ಇದ್ದ. ಮನೆಗೆ ಬಂದವನು ಊಟ ಮಾಡಲಿಲ್ಲ. "ಮತ್ತೆ ನನ್ನ ಕೈಲೇ ಹಗ್ಗ," ಅಂದ.

ಡಿಸೆಂಬರ್ 15

ಮೂರು ದಿನದಿಂದ ನಿದ್ದೆ ಇಲ್ಲ. ಹೊರಗೆ ಗಾಡಿ ಸದ್ದಾದರೆ ಬಾಯಿಗೆ ಬರುವುದು ಮಗಳ ಹೆಸರು. ಅವಳಿಗೆ ಏಳು ವರ್ಷ.

ಲೆಕ್ಕ ಹಾಕಿ ನೋಡಿದೆ. ನನ್ನ ಹೆಸರು ಎಲ್ಲೂ ಇಲ್ಲ. ನೆಗಡಿಯವರು ಬಂದಿಲ್ಲ, ಚೀಲ ಕೇಳಿಲ್ಲ. ಸುಮ್ಮನಿದ್ದರೆ ಇದು ಹೀಗೇ ಮುಗಿಯುತ್ತದೆ. ದುಂಬುಯಾ ಮಾಡಿದ್ದು ಕಡಿಮೆಯೇನಲ್ಲ. ತುರೆ ಮೇಷ್ಟ್ರ ಪಾಪಕ್ಕೆ ಈಗ ತೀರಿಸಲಿ ಬಿಡು — ಅಂತ ಒಂದು ಧ್ವನಿ. ಆ ಧ್ವನಿ ನನ್ನದೇ.

ಆದರೆ ಅವರು ಮಾಡದ ತಪ್ಪಿಗೆ ಅಲ್ಲವೇ ಈಗ ಒಳಗಿರುವುದು.

ಅತ್ತೆಗೆ ಹೇಳಿದೆ, ಪಟ್ಟಣದ ಠಾಣೆಗೆ ಹೋಗಿ ನಿಜ ಹೇಳಿ ಬರುತ್ತೇನೆ ಅಂತ. ಬೈಯುತ್ತಾರೆ ಅಂದುಕೊಂಡಿದ್ದೆ.

"ಒಬ್ಬಳೇ ಹೋಗ್ಬೇಡ. ಒಬ್ಬೊಬ್ಬರೇ ಹೋದೋರೇ ವಾಪಸ್ ಬರದೇ ಇರೋದು. ನಾನೂ ಬರ್ತೀನಿ. ಹಾವಾನೂ ಕರಿ. ತುರೆ ಮೇಷ್ಟ್ರ ಹೆಂಡತಿನೂ ಕರಿ. ಬಾಗಿಲ ಮುಂದೆ ಕೂತ್ಕೋತೀವಿ. ಹೆಂಗಸರು ಕೂತ್ರೆ ಎಬ್ಬಿಸೋದು ಕಷ್ಟ."

ಡಿಸೆಂಬರ್ 16, ಬೆಳಿಗ್ಗೆ ಆರೂವರೆ

ನಮ್ಮ ಅಂಗಳದಲ್ಲಿ ಹನ್ನೊಂದು ಜನ ಹೆಂಗಸರು ಆಗಿದ್ದೇವೆ. ದುಂಬುಯಾರ ಹೆಂಡತಿ ಬಂದಾಗ ತುರೆ ಮೇಷ್ಟ್ರ ಹೆಂಡತಿ ಸ್ವಲ್ಪ ಹೊತ್ತು ನೋಡುತ್ತ ನಿಂತರು. ದುಂಬುಯಾ ಮಾಡಿದ್ದೆಲ್ಲ ಅವರಿಗೆ ಗೊತ್ತಿದೆ. ಆಮೇಲೆ ಚಾಪೆಯಲ್ಲಿ ಸರಿದು ಜಾಗ ಕೊಟ್ಟರು.

ಮಗಳನ್ನು ಹೆಡ್‌ಮಾಸ್ಟರ ಮನೆಯಲ್ಲಿ ಬಿಟ್ಟೆ. ಅವರು ಅವಳ ಕೈ ಹಿಡಿದು ಒಳಗೆ ಕರೆದುಕೊಂಡರು. ಕೆಮೊ ಮೊದಲೇ ಹೋಗಿದ್ದಾನೆ, ಫೆರಿ ನಮಗಾಗಿ ನಿಲ್ಲಿಸುತ್ತೇನೆ ಅಂದ. ಕೆಲಸ ಹೋಗುತ್ತದೆ ಅಂದೆ. ಹೋಗಲಿ ಅಂದ.

ಹೆದರಿಕೆ ಹೋಗಿಲ್ಲ. ಹೇಳಬೇಕಾದ ಮಾತನ್ನು ಗಟ್ಟಿಯಾಗಿ ಅಭ್ಯಾಸ ಮಾಡಿದರೆ ಪ್ರತಿ ಸಲವೂ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಇಲ್ಲಿ ಬರೆದು ನೋಡುತ್ತೇನೆ. ಬರೆದರೆ ಪೂರ್ತಿ ಬಂದೀತು —

ಸಾರ್, ನನ್ನ ಹೆಸರು ತಿದಾ ಮಂಜಂಗ್. ಏಳನೇ ತಾರೀಕು ಸಂಜೆ ಐದೂ ಹತ್ತಕ್ಕೆ, ನೇರಳೆ ಡ್ರಮ್ಮಿಗೆ, ನಾನು ಒಂದು ಗೋಲಿ ಹಾಕಿದೆ.