ಗೆಲ್ಲುವವಳಿಗೆ ಕುರ್ಚಿ ಇಲ್ಲ

ಕಾರವಾರ ಗುಡ್ಡವಸತಿ,
ಎರಡು ಸಾವಿರದ ಇನ್ನೂರ ಹದಿನಾಲ್ಕನೆಯ ಇಸವಿ, ಫೆಬ್ರವರಿ ಮೂವತ್ತು.

ಹಿಂದಿನ ಕಾಲದಲ್ಲಿರುವ ಬಂಧುಗಳೇ,

ನಿಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನವೇ ಇರಲಿಲ್ಲವಂತೆ. ನಮ್ಮಲ್ಲಿ ಇದೆ. ತಿಂಗಳುಗಳನ್ನು ಸಮ ಮಾಡಿದವರು ಯಾರೋ, ನನಗೆ ಗೊತ್ತಿಲ್ಲ. ಈ ಪತ್ರದ ಕನ್ನಡವೂ ನಿಮಗೆ ಕೊಂಚ ಬಿಗಿಯಾಗಿ ಕಾಣಬಹುದು. ದಿನದ ಬಹುಪಾಲು ನಾನು ಯಂತ್ರಗಳೊಂದಿಗೆ ಮಾತಾಡುವವಳು. ಅವಕ್ಕೆ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಬೇಕು. ಮನುಷ್ಯರಿಗೆ ಬರೆಯುವ ರೂಢಿ ತಪ್ಪಿಹೋಗಿದೆ. ಎಲ್ಲಾದರೂ ಎಡವಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರು ರೇವತಿ ಹರಿಕಂತ್ರ. ಐವತ್ತು ದಾಟಿದೆ. ನನ್ನದು ಅಲೆಗಾವಲಿನ ಕೆಲಸ. ಸಮುದ್ರ ಹಳೆಯ ಪೇಟೆಯನ್ನು ನುಂಗಿದ ಮೇಲೆ ಗುಡ್ಡದ ಬುಡಕ್ಕೆ ಒಂದು ಗೋಡೆ ಕಟ್ಟಿದರು. ನೀರು ಆ ಗೋಡೆಯನ್ನು ಎಷ್ಟು ಒತ್ತುತ್ತಿದೆಯೆಂದು ಯಂತ್ರಗಳು ಅಳೆಯುತ್ತವೆ, ಯಂತ್ರಗಳನ್ನು ನಾನು ನೋಡಿಕೊಳ್ಳುತ್ತೇನೆ. ಒಂದು ಕಾವಲುಕೋಣೆಗೆ ಒಬ್ಬರೇ. ಪಕ್ಕದ ಕೋಣೆಯ ಸಹೋದ್ಯೋಗಿಯ ದನಿ ಗೊತ್ತು, ಮುಖ ಕಂಡಿಲ್ಲ. ಕೆಲಸ ಮುಗಿದ ಮೇಲೆ ನನ್ನ ‘ಒಬ್ಬಿ’ಗೆ ಹೋಗುತ್ತೇನೆ. ಒಬ್ಬರಿಗೆಂದೇ ಕಟ್ಟಿದ ಮನೆಗೆ ನಾವು ಹಾಗೆನ್ನುತ್ತೇವೆ: ಒಂದು ಕೋಣೆ, ಸಣ್ಣದೊಂದು ಬಾಲ್ಕನಿ, ಊಟ ಬಂದು ಬೀಳುವ ಗೋಡೆಗಿಂಡಿ. ಅನ್ನ ಬಿಸಿಯಾಗಿರುತ್ತದೆ, ಮೀನುಸಾರಿಗೆ ಹುಳಿ ಹದವಾಗಿರುತ್ತದೆ. ಕಾಯಿಲೆಯಾದರೆ ನಾನು ಕೆಮ್ಮುವ ಮೊದಲೇ ಮದ್ದು ಬರುತ್ತದೆ. ದೂರಲು ಏನೂ ಇಲ್ಲ. ಆದರೆ ತಟ್ಟೆ ತಂದಿಡುವ ಒಂದು ಕೈಯನ್ನೂ ಕಾಣದೆ ವಾರಗಳು ಕಳೆದುಹೋಗುತ್ತವೆ.

ಗೋಡೆಯ ಆಚೆ, ಆಳದ ನೀರಿನಲ್ಲಿ, ಒಂದು ಆಟದ ಹಡಗು ಲಂಗರು ಹಾಕಿ ನಿಂತಿದೆ. ನಿಮ್ಮ ಕಾಲದವರು ಕ್ಯಾಸಿನೊ ಎನ್ನುತ್ತಿದ್ದದ್ದು ಇದನ್ನೇ. ಮನೆಯಲ್ಲೇ ಕೂತು ಯಂತ್ರದೊಂದಿಗೆ ಜೂಜಾಡಿ ಜನ ಹಾಳಾದರೆಂದು ಸರಕಾರ ಒಮ್ಮೆ ಅದನ್ನೆಲ್ಲ ನಿಲ್ಲಿಸಿತು. ಆಡುವುದಿದ್ದರೆ ದೋಣಿ ಹತ್ತಿ ಹೋಗಬೇಕು, ಮೇಜಿನ ಮುಂದೆ ಕೂರಬೇಕು, ಇಸ್ಪೀಟಿನ ಎಲೆಗಳನ್ನು ಮನುಷ್ಯರೇ ಹಂಚಬೇಕು ಎಂದು ಕಾನೂನಾಯಿತು. ಕಷ್ಟವಾದರೆ ಜನ ಬಿಟ್ಟಾರು ಎಂಬುದು ಅವರ ಲೆಕ್ಕ. ನಮ್ಮ ಕರಾವಳಿಯಲ್ಲಿ ಗುರುತಿಲ್ಲದವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವ ಜಾಗವೆಂದು ಇಂಥ ಹಡಗುಗಳಷ್ಟೇ ಉಳಿದವು. ರಜೆಯ ಮಧ್ಯಾಹ್ನ ನಾನು ಮೊದಲ ಸಲ ಹೋದದ್ದು ಜೂಜಿನ ಆಸೆಯಿಂದಲ್ಲ. ದೋಣಿಯಿಂದ ಇಳಿಯುವವರು ನಗುತ್ತಿದ್ದುದನ್ನು ಕಾವಲುಕೋಣೆಯ ಕಿಟಕಿಯಿಂದ ನೋಡಿದ್ದೆ, ಅದಕ್ಕೆ ಹೋದೆ.

ಅಲ್ಲಿ ನನ್ನ ಪಕ್ಕದ ಕುರ್ಚಿ ಇಂದುಬಾಯಿ ತಳೇಕರರದು. ಎಪ್ಪತ್ತು ದಾಟಿದ ಹೆಂಗಸು. ಒಂದು ಕಾಲಕ್ಕೆ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದರು. ಶಾಲೆಗಳು ಮನೆಮನೆಯ ಪರದೆಯೊಳಗೆ ಹೋದ ಮೇಲೆ ಕೆಲಸವಿಲ್ಲದಾಯಿತು. ಎಲೆ ಬರುವಾಗ ಸಣ್ಣಗೆ ಗುನುಗುತ್ತಿದ್ದರು, ತಂದ ಕೋಕಂ ಪಾನಕವನ್ನು ಎಲ್ಲರಿಗೂ ಹಂಚುತ್ತಿದ್ದರು. ಎರಡನೆಯ ವಾರಕ್ಕೇ ನಾನು ಅವರನ್ನು ಇಂದಕ್ಕ ಎನ್ನತೊಡಗಿದೆ.

ನಾವು ಆಡುತ್ತಿದ್ದುದು ಇಪ್ಪತ್ತೊಂದರ ಆಟ. ಎಲೆಗಳ ಬೆಲೆ ಕೂಡಿ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು. ಆಟದ ಕಟ್ಟಳೆಯೇ ಹಡಗಿನ ಕಡೆಗೆ ಕೂದಲೆಳೆಯಷ್ಟು ವಾಲಿರುತ್ತದೆ, ಆ ಎಳೆಯಿಂದಲೇ ಹಡಗಿನವರ ಬದುಕು. ಆದರೆ ಒಮ್ಮೆ ಬಿದ್ದ ಎಲೆ ಮತ್ತೆ ಕಲಸುವವರೆಗೆ ವಾಪಸು ಬರುವುದಿಲ್ಲ. ಸಣ್ಣ ಎಲೆಗಳು ಖಾಲಿಯಾಗಿ ದೊಡ್ಡವು ಉಳಿದಾಗ ಆಟ ನಮ್ಮ ಕಡೆಗೆ ವಾಲುತ್ತದೆ. ಆಗ ಪಣ ಹೆಚ್ಚಿಸಿದವರು ಗೆಲ್ಲುತ್ತಾರೆ. ವರ್ಷಗಟ್ಟಲೆ ಗೋಡೆಯ ಒತ್ತಡವನ್ನು ತಲೆಯಲ್ಲಿ ಕೂಡಿ ಕಳೆದವಳಿಗೆ ಬಿದ್ದ ಎಲೆಗಳನ್ನು ನೆನಪಿಡುವುದು ಕಷ್ಟವಾಗಲಿಲ್ಲ. ಬೇಕೆಂದು ಮಾಡಿದ್ದೂ ಅಲ್ಲ, ತಾನಾಗಿ ಬಂತು. ಗೆದ್ದಾಗ ಮೇಜಿನ ಸುತ್ತ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಯಾರೋ ಬೆನ್ನು ತಟ್ಟುತ್ತಿದ್ದರು. ನನಗೆ ಅದರ ರುಚಿ ಹತ್ತಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಹಡಗಿನ ಮ್ಯಾನೇಜರ್ ವಿಶ್ರಾಂತ ಶಿರೋಡ್ಕರ್ ನನ್ನನ್ನು ಪಕ್ಕದ ಕೋಣೆಗೆ ಕರೆದು ಚಹಾ ಕೊಟ್ಟರು. ಸಭ್ಯ ಮನುಷ್ಯ. ಗೆದ್ದದ್ದೆಲ್ಲವನ್ನೂ ಆಗಲೇ ಪಾವತಿ ಮಾಡಿಸಿದ್ದರು.

“ರೇವತಿಬಾಯಿ, ನೀವು ಮೋಸ ಮಾಡಿದ್ರಿ ಅಂತ ನಾ ಹೇಳೂದಿಲ್ಲ,” ಎಂದರು.

“ಮತ್ತೆ ಎಂತಕ್ಕೆ ಎಬ್ಬಿಸ್ತೀರಿ?”

“ಗೆಲ್ತೀರಿ, ಅದಕ್ಕೆ. ಸೋಲೂ ಜನ ಬಂದ್ರೇ ನಮ್ಮ ಹಡಗು ನಡೀತದೆ. ನಾಳೆಯಿಂದ ಬರೂದು ಬೇಡ.”

ನಾನು ದಾವೆ ಹಾಕಿದೆ. ನಮ್ಮಲ್ಲಿ ವಿಚಾರಣೆಗಳು ಪರದೆಯ ಮೇಲೆ ನಡೆಯುತ್ತವೆ. ಖುದ್ದು ಹಾಜರಾಗುತ್ತೇನೆಂದು ಹಟ ಹಿಡಿದೆ. ಕೋರ್ಟಿನಲ್ಲಿ ಜನ ಇರುತ್ತಾರೆಂದು ಭಾವಿಸಿದ್ದೆ. ದೊಡ್ಡ ಸಭಾಂಗಣದಲ್ಲಿ ಇದ್ದವರು ನಾನು, ಶಿರೋಡ್ಕರ್, ನ್ಯಾಯಾಧೀಶೆ ಸುನೀತಿ ನಾಡಕರ್ಣಿ, ಮೂವರೇ. ಆಕೆ ತಾಳ್ಮೆಯಿಂದ ಎಲ್ಲವನ್ನೂ ಕೇಳಿದರು.

“ಎಲೆ ನೆನಪಿಟ್ಕೊಳ್ಳೋದು ಅಪರಾಧ ಅಲ್ಲಮ್ಮ, ನಿಮ್ಮ ತಲೆ ನಿಮ್ಮದು. ಗೆದ್ದ ಹಣ ಅವರು ಹಿಡ್ಕೊಂಡಿದ್ರೆ ಕೊಡಿಸ್ತಿದ್ದೆ. ನಿಮ್ಮನ್ನ ಕೂಡಿಹಾಕಿದ್ರೆ ಶಿಕ್ಷೆ ಕೊಡ್ತಿದ್ದೆ. ಆದ್ರೆ ಹಡಗು ಅವರ ಸ್ವತ್ತು. ಬನ್ನಿ ಅಂತ ಕರೆಯೋ ಹಕ್ಕು ಇದ್ದವರಿಗೆ ಬರಬೇಡಿ ಅನ್ನೋ ಹಕ್ಕೂ ಇದೆ. ಹೇಳಿದ ಮೇಲೂ ಹೋದ್ರೆ ಅತಿಕ್ರಮ ಪ್ರವೇಶ ಆಗ್ತದೆ.”

“ಯಾರನ್ನ ಬೇಕಾದ್ರೂ ಹೊರಗೆ ಹಾಕಬಹುದಾ?”

“ಇಲ್ಲ. ಜಾತಿ, ಧರ್ಮ, ಹೆಣ್ಣು-ಗಂಡು, ಭಾಷೆ ನೋಡಿ ಹಾಕೋ ಹಾಗಿಲ್ಲ. ಗೆಲ್ಲೋರಿಗೆ ರಕ್ಷಣೆ ಬೇಕಾಗ್ತದೆ ಅಂತ ಕಾನೂನು ಬರೆದವರಿಗೆ ಹೊಳೆದಿಲ್ಲ.”

ಆಕೆ ಹೇಳಿದ್ದು ಅನ್ಯಾಯವೆಂದು ನನಗೆ ಆಗಲೂ ಅನ್ನಿಸಲಿಲ್ಲ. ನನ್ನ ಬಾಗಿಲಿಗೂ ಒಂದು ಅಗುಳಿ ಇದೆಯಲ್ಲ. ನಾನು ಶಿರೋಡ್ಕರ್ ಕಡೆ ತಿರುಗಿ, ಪ್ರತಿ ಆಟಕ್ಕೂ ಅತಿ ಕಡಿಮೆ ಪಣವನ್ನೇ ಕಟ್ಟುತ್ತೇನೆ, ಒಮ್ಮೆಯೂ ಹೆಚ್ಚಿಸುವುದಿಲ್ಲ ಎಂದೆ. ಪಣ ಬದಲಿಸದಿದ್ದರೆ ಎಲೆಗಳ ನೆನಪಿನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. “ಹಂಗಾದ್ರೆ ಬನ್ನಿ ಮಾರಾಯ್ರೆ,” ಎಂದರು. ನ್ಯಾಯಾಧೀಶೆಗೂ ಸಮಾಧಾನವಾದಂತೆ ಕಂಡಿತು.

ಮತ್ತೆ ಹೋದೆ. ಇಂದಕ್ಕ ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. ಆ ಚಳಿಗಾಲದಷ್ಟು ಸುಖವನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ. ಗೆಲ್ಲುತ್ತಿದ್ದೆ, ಸೋಲುತ್ತಿದ್ದೆ, ಪಾನಕ ಕುಡಿಯುತ್ತಿದ್ದೆ. ಆದರೆ ತಲೆ ತನ್ನ ಕೆಲಸ ಬಿಡಲಿಲ್ಲ. ದೊಡ್ಡ ಎಲೆಗಳು ಉಳಿದಾಗ ನನ್ನ ಕಣ್ಣು ಅರಳುತ್ತಿತ್ತಂತೆ, ನನಗೆ ತಿಳಿಯದೇ ಬೆನ್ನು ನೆಟ್ಟಗಾಗುತ್ತಿತ್ತಂತೆ. ಅದನ್ನು ಮೊದಲು ಕಂಡುಕೊಂಡವರು ಇಂದಕ್ಕ. ಒಂದು ಮಧ್ಯಾಹ್ನ ನನ್ನ ಕಡೆ ಓರೆಗಣ್ಣಿನಿಂದ ನೋಡಿ ಪಣವನ್ನು ನಾಲ್ಕುಪಟ್ಟು ಮಾಡಿದರು, ಗೆದ್ದು ಚಿಕ್ಕ ಹುಡುಗಿಯ ಹಾಗೆ ನಕ್ಕರು. ಮುಂದಿನ ವಾರ ಮೇಜಿನವರೆಲ್ಲ ತಮ್ಮ ಎಲೆ ಬಿಟ್ಟು ನನ್ನ ಮುಖ ನೋಡತೊಡಗಿದರು. ನಾನು ಮುಖ ಗಂಟಿಕ್ಕಿಕೊಂಡು ಕೂತೆ, ತಲೆ ತಗ್ಗಿಸಿ ಕೂತೆ. ಹೆಚ್ಚು ಗಂಟಿಕ್ಕಿದರೆ ಅದನ್ನೇ ಸುಳಿವೆಂದುಕೊಂಡು ಪಣ ಹೆಚ್ಚಿಸಿದರು.

ಶಿರೋಡ್ಕರ್ ಈ ಸಲ ಮೇಜಿನ ಹತ್ತಿರವೇ ಬಂದರು. ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. “ಬಾಯಿ, ನಿಮ್ಮ ಕೈ ಕಟ್ಟಿದ್ವಿ. ಮುಖ ಕಟ್ಟೂಕೆ ಆಗೂದಿಲ್ಲ.”

ಅಂದೇ ನನ್ನ ಮುಖ ‘ಮುಖಸಾಲಿ’ಗೆ ಸೇರಿತು. ಕರಾವಳಿಯ ಎಲ್ಲ ಆಟದ ಹಡಗುಗಳೂ ಒಟ್ಟಾಗಿ ಇಟ್ಟುಕೊಂಡಿರುವ, ಬೇಡವಾದವರ ಚಿತ್ರಗಳ ಸಾಲು ಅದು. ಈಗ ದೋಣಿಯ ಬಾಗಿಲೇ ನನ್ನನ್ನು ಕಂಡರೆ ಮುಚ್ಚಿಕೊಳ್ಳುತ್ತದೆ.

ಇಂದಕ್ಕ ನನ್ನ ಒಬ್ಬಿಗೆ ಬಂದರು. ಬಾಲ್ಕನಿಯಲ್ಲಿ ಪಣವಿಲ್ಲದೆ ಆಡಿದೆವು, ಅವರು ಹಳೆಯದೊಂದು ಹಾಡು ಪೂರ್ತಿ ಹಾಡಿದರು. ನನ್ನ ಗೋಡೆಗಳು ಮೊದಲ ಸಲ ಇನ್ನೊಬ್ಬರ ದನಿ ಕೇಳಿದವು. ಕೆಲವು ವಾರಗಳಾದ ಮೇಲೆ ಹಡಗಿನಿಂದ ಅವರಿಗೆ ಎಚ್ಚರಿಕೆ ಬಂತು: ಮುಖಸಾಲಿನವರ ಒಡನಾಟ ಇಟ್ಟುಕೊಂಡವರಿಗೂ ಪ್ರವೇಶ ಇಲ್ಲ. ನನ್ನಿಂದ ಎಲೆ ಲೆಕ್ಕ ಕಲಿತುಕೊಂಡು ಬಂದಾರೆಂಬ ಹೆದರಿಕೆ. ಅದೂ ಅವರ ಹಕ್ಕೇ.

ಇಂದಕ್ಕ ಅದನ್ನು ಹೇಳಲು ಮೆಟ್ಟಿಲು ಹತ್ತಿ ಬಂದರು, ಒಳಗೆ ಬರಲಿಲ್ಲ. “ರೇವತಿ, ಅಲ್ಲಿಗೆ ಹೋದ್ರೆ ಐದಾರು ಮುಖ ಕಾಣ್ತದೆ. ಇಲ್ಲಿ ನೀ ಒಬ್ಳೇ. ನಂಗಿನ್ನು ಎಷ್ಟು ದಿನ ಉಳಿದದೆ ಹೇಳು.”

“ಹೋಗಿ ಇಂದಕ್ಕ,” ಎಂದೆ. ಬೇರೆ ಏನು ಹೇಳಲಿ? ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಅವರು ನನ್ನ ಕೆನ್ನೆ ಸವರಿ ಇಳಿದುಹೋದರು. ಈಗಲೂ ಮಧ್ಯಾಹ್ನದ ದೋಣಿ ನನ್ನ ಕಾವಲುಕೋಣೆಯ ಕೆಳಗೇ ಹಾಯುತ್ತದೆ. ಇಂದಕ್ಕ ಮುಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ದೋಣಿಗೆ ಕ್ಯಾಮೆರಾ ಕಣ್ಣುಗಳಿವೆ, ಆದ್ದರಿಂದ ತಲೆ ಎತ್ತುವುದಿಲ್ಲ. ನಾನೂ ಗಾಜಿನಿಂದ ಹಿಂದೆ ಸರಿದು ನಿಲ್ಲುತ್ತೇನೆ, ದೋಣಿ ತಿರುವು ದಾಟುವವರೆಗೆ ನೋಡುತ್ತೇನೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಕಾಲದಲ್ಲಿ ಕೂರಲು ಇನ್ನೂ ಬೇರೆ ಜಾಗಗಳಿವೆ. ಜಗಲಿ ಇದೆ, ಟೆರೇಸ್ ಇದೆ, ಕೇರಂ ಬೋರ್ಡಿನ ಸುತ್ತ ನಾಲ್ಕು ಬದಿ ಇದೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ “ಅವಳು ಬಂದ್ರೆ ಅವಳೇ ಗೆಲ್ತಾಳೆ, ಬೇಡ” ಎಂದು ನೀವು ಕರೆಯದೆ ಬಿಟ್ಟವರು ಒಬ್ಬರಾದರೂ ಇರುತ್ತಾರೆ. ಹೋಗಿ ಕರೆಯಿರಿ. ಅವರು ಗೆಲ್ಲುತ್ತಾರೆ, ನೀವು ಸೋಲುತ್ತೀರಿ, ಅದರಲ್ಲಿ ಅನುಮಾನವಿಲ್ಲ. ನೀವು ಸೋತ ಮೇಲೆ ಅವರು ಏಳಲು ಹೊರಡುತ್ತಾರೆ, ಅವರಿಗೆ ಅಭ್ಯಾಸವಾಗಿರುತ್ತದೆ. ಆಗ ಕೈ ಹಿಡಿದು ಕೂರಿಸಿ, ಇನ್ನೊಂದಾಟ ಆಡೋಣ ಎನ್ನಿ.

ರೇವತಿ ಹರಿಕಂತ್ರ