ಬಟ್ಟೆ ಒಗೆಯುವ ಮಣ್ಣು

ಹಿರಿಯೂರು
9-5-1974

ಮುದ್ದಕ್ಕನಿಗೆ ತಮ್ಮನ ನಮಸ್ಕಾರ.

ಅಪ್ಪ ಕುರಿಮಂದೆ ನಿಲ್ಲಿಸಿ ಹದ ಮಾಡಿ ನಿನಗೆ ಕೊಟ್ಟ ಕೆಂಪು ಹೊಲಕ್ಕೆ ಬದಲಾಗಿ ಭಾವನವರು ಪಡೆಯಲಿರುವ ಎರೆ ಹೊಲವನ್ನು ನಿನ್ನೆ ನೋಡಿದೆವು. ನೆಲವೆಲ್ಲ ಸುಣ್ಣ ಬಳಿದಂತೆ ಬೆಳ್ಳಗಿದೆ. ಅಗಸರ ಹುಲಿಗೆಮ್ಮ ಆ ಮಣ್ಣನ್ನು ಬುಟ್ಟಿಗೆ ಬಳಿದುಕೊಳ್ಳುತ್ತಿದ್ದಳು. “ಬೆಳೆ ಬರಲ್ಲ ಸ್ವಾಮಿ, ಬಟ್ಟೆ ಮಾತ್ರ ಬೆಳ್ಳಗಾಗ್ತವೆ” ಅಂದಳು.

ಇಲ್ಲಿ ಬರೀ ಇಬ್ಬನಿಗೆ ಹತ್ತಿ, ಬಿಳಿಜೋಳ ಬೆಳೆಯುತ್ತಿದ್ದುದನ್ನು ಅಪ್ಪ ಹೇಳುತ್ತಿದ್ದುದು ನಿನಗೂ ನೆನಪಿರಬೇಕು. ಎರೆಮಣ್ಣು ಕುಡಿದ ನೀರನ್ನು ಬಿಡುವುದಿಲ್ಲ. ಹೊಲದವರು ಬಸಿಗಾಲುವೆ ತೋಡದೆ ವರ್ಷಗಟ್ಟಲೆ ನೀರು ಕಟ್ಟಿ, ಅಡಿಯ ಉಪ್ಪನ್ನೆಲ್ಲ ಮೇಲೆ ತಂದಿದ್ದಾರೆ. ಕೆಡಿಸಿದ ನೆಲವನ್ನು ಈಗ ನಾಚಿಕೆಯಿಲ್ಲದೆ ನಮ್ಮ ತಲೆಗೆ ಕಟ್ಟುತ್ತಿದ್ದಾರೆ.

ಭಾವನವರಿಗೆ ಹೇಳಿದೆ. “ಓದಿದೋನು ನೀನು ಸುಮ್ನಿರಪ್ಪ, ಕಾಲುವೆ ಮಗ್ಗುಲಾಗೇ ಐತೆ, ಇನ್ನೇನು ಬೇಕು?” ಎಂದು ವೀಳ್ಯ ಹಿಡಿದು ಮಾತು ಕೊಟ್ಟೇಬಿಟ್ಟರು. ಕೆಂಪು ನೆಲದಲ್ಲಿ ಹುಟ್ಟಿದವರಿಗೆ ನೀರು ಕಂಡರೆ ಸಾಕು.

ಇಲ್ಲಿಯ ಸವಳು ನೀರಿಗೆ ನನ್ನ ಹೊಟ್ಟೆ ಕೆಟ್ಟಿದೆಯೆಂದು ಹೇಳಿ ಭಾವನವರನ್ನು ಇಲ್ಲೇ ನಿಲ್ಲಿಸಿಕೊಂಡಿದ್ದೇನೆ, ನೀನು ಗಾಬರಿಯಾಗಬೇಡ. ಈ ಕಾರ್ಡು ಸೇರಿದ ದಿನವೇ ನಿನ್ನ ಕೆಂಪು ಹೊಲಕ್ಕೆ ಎಳ್ಳು ಚೆಲ್ಲಿಸಿಬಿಡು. ಬಿತ್ತಿದ ಹೊಲವನ್ನು ಕೊಯ್ಲಿಗೆ ಮುಂಚೆ ಬೇರೆಯವರ ಕೈಗೆ ಕೊಡುವ ರೂಢಿ ನಮ್ಮಲ್ಲಿಲ್ಲ, ಅದನ್ನು ಭಾವನವರೂ ಮೀರಲಾರರು. ಸೋಮವಾರ ಬರುತ್ತೇವೆ. ಅಷ್ಟರಲ್ಲಿ ಹೊಲ ಬರಿದಾಗಿರಬಾರದು.

ನಿನ್ನ ತಮ್ಮ,
ಕಾಟಯ್ಯ